ನೆತ್ತಿಗೆ ಬಂದಾಗ ಮಾತ್ರ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಡೋಣಿಯ ನಮ್ಮ ಮನೆಯಲ್ಲಿ ಅವ್ವ ಒಂದು ಪ್ರಶ್ನೆ ಕೇಳಿದ್ದಳು: "ಕಾಣಲಾರದ್ದನ್ನ ಹುಡಕಾಕ ಪಗಾರ ಕೊಡ್ತಾರೇನವಾ?" ಕೊಡುತ್ತಾರೆ ಎಂದೆ. "ಸಿಗಲಿಲ್ಲಂದ್ರ?" ಎಂದಳು. ಸಿಗದಿದ್ದರೂ ಕೊಡುತ್ತಾರೆ ಎಂದೆ. ಮಗಳು ಯಾವುದೋ ಸುಳ್ಳು ಕಂಪನಿಯವರ ಕೈಗೆ ಸಿಕ್ಕಿದ್ದಾಳೆ ಎಂದೇ ಆಕೆ ತಿಳಿದಳು. ಸಾಯುವವರೆಗೂ ಆ ಅನುಮಾನ ಆಕೆಗೆ ಪೂರ್ತಿ ಹೋಗಲಿಲ್ಲ.

ಈಚೆಗೆ ವಿಜಯಪುರದ ನಮ್ಮ ಖಗೋಳ ವಿಭಾಗಕ್ಕೆ ಹೊಸದಾಗಿ ಸೇರಿದ ಶಬಾನಾ ಎಂಬ ಹುಡುಗಿ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ, "ಮೇಡಂ, ಈ ಕೆಲಸ ಖರೇನ ಹೆಂಗಿರ್ತೈತ್ರಿ?" ಎಂದು ಕೇಳಿದಳು. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ನಾನು ಹೇಳಿದ್ದೆಲ್ಲ ಮರ್ಯಾದೆಯ ಮಾತು. ಅದನ್ನು ಯಾರೂ ನಂಬಬೇಕಾಗಿಲ್ಲ. ಶಬಾನಾಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಓದಿ ಬೇಜಾರಾದರೆ ನನ್ನನ್ನು ಬೈಯಬೇಡಿ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಂದು ಕುಬ್ಜ ಎಂದರೆ ನಕ್ಷತ್ರವಾಗಲು ಹೊರಟು ಆಗದೆ ಉಳಿದದ್ದು. ಹುಟ್ಟುವಾಗ ಮೈಗೆ ಸಾಕಷ್ಟು ತೂಕ ಕೂಡಲಿಲ್ಲ, ಹಾಗಾಗಿ ಒಡಲಿನ ಒಲೆ ಹತ್ತಿ ಉಳಿಯಲಿಲ್ಲ. ಹುಟ್ಟಿನ ಬಿಸಿಯಲ್ಲೇ ಮಂಕಾಗಿ, ಕಡುಗೆಂಪಗೆ ಹೊಳೆಯುತ್ತ ತಣ್ಣಗಾಗುತ್ತ ಹೋಗುತ್ತದೆ. ಇಂಥ ಬಡಪಾಯಿಯ ಸುತ್ತಲೂ ಇನ್ನೊಂದು ಸುತ್ತುತ್ತಿರಬಹುದು, ಒಂದು ಗ್ರಹವೋ, ಇನ್ನೂ ಮಂಕಾದ ಮತ್ತೊಂದು ಕುಬ್ಜವೋ. ಅದಕ್ಕೆ ನಾವು ಸಂಗಾತಿ ಎನ್ನುತ್ತಿದ್ದೆವು. ಸಂಗಾತಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಅದು ಎಳೆಯುತ್ತದೆ. ಕೂಸನ್ನು ಬಗಲಲ್ಲಿ ಎತ್ತಿಕೊಂಡ ಹೆಂಗಸು ಸೆರಗು ಮುಚ್ಚಿಕೊಂಡು ನಡೆದರೂ, ಒಂದು ಕಡೆ ವಾಲುವ ಆ ನಡಿಗೆಯಿಂದ ಕೂಸಿದೆ ಎಂದು ಗೊತ್ತಾಗುತ್ತದಲ್ಲ, ಹಾಗೆ. ಕುಬ್ಜದ ನಡಿಗೆಯಲ್ಲಿ ಅಂಥ ವಾಲಾಟವಿದೆಯೇ ಎಂದು ವರ್ಷಗಟ್ಟಲೆ ಅಳೆಯುವುದೇ ನಮ್ಮ ಕೆಲಸ.

ನಾವು ರಾತ್ರಿಯಿಡೀ ಆಕಾಶ ನೋಡುತ್ತ ಕೂರುತ್ತೇವೆ ಎಂದು ಹೊರಗಿನವರು ತಿಳಿದಿರುತ್ತಾರೆ. ಎಲ್ಲಿಯ ಮಾತು. ದೂರದರ್ಶಕ ಇದ್ದದ್ದು ದೂರದ ಬೆಟ್ಟದ ಮೇಲೆ. ವರ್ಷಕ್ಕಿಷ್ಟು ಎಂದು ನಮಗೆ ಸಮಯ ಹಂಚುತ್ತಿದ್ದರು, ಅಲ್ಲಿನವರೇ ಚಿತ್ರ ತೆಗೆದು ಕಳಿಸುತ್ತಿದ್ದರು. ನಾವು ವಿಜಯಪುರದ ಬಿಸಿಲಲ್ಲಿ, ತಗಡಿನ ಚಾವಣಿಯ ಕೋಣೆಯಲ್ಲಿ, ಫ್ಯಾನು ಹಾಕಿಕೊಂಡು ಪರದೆಯ ಮೇಲಿನ ಚುಕ್ಕಿಗಳನ್ನು ಅಳೆಯುತ್ತಿದ್ದೆವು. ಭೂಮಿ ಸೂರ್ಯನ ಸುತ್ತ ಹೋಗುವುದರಿಂದ ಕಾಣುವ ಓಲಾಟವನ್ನು ಕಳೆಯಬೇಕು, ಕುಬ್ಜದ ಸ್ವಂತ ಪಯಣವನ್ನು ಕಳೆಯಬೇಕು. ಆಮೇಲೆ ಏನಾದರೂ ಉಳಿದರೆ ಅದು ಸಂಗಾತಿಯ ಎಳೆತ. ಬಹುಪಾಲು ಏನೂ ಉಳಿಯುತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಬರೆದ ಪದ "ಇಲ್ಲ".

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸರ್. ಸಾರವಾಡದ ಕಡೆಯವರು, ಮೂಗಿನ ತುದಿಯಲ್ಲಿ ಸಿಟ್ಟು. ನಾನು ಸೇರಿದ ಮೇಲೆ ವಿಭಾಗಕ್ಕೆ ಸಿಕ್ಕ ಮೊದಲ ಸಂಗಾತಿಯ ಕಥೆಯನ್ನು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಒಂದು ಕುಬ್ಜದ ಪಕ್ಕದಲ್ಲೇ ಇನ್ನೊಂದು ಮಸುಕು ಚುಕ್ಕಿ ಕಂಡಿತ್ತು. ವಿಭಾಗದವರೆಲ್ಲ ಕುಣಿದಾಡಿದರು, ಪೇಢೆ ತರಿಸಿದರು. ಸರ್ ಮಾತ್ರ ಪೇಢೆ ಮುಟ್ಟಲಿಲ್ಲ. "ಬಾಜೂಕ ನಿಂತಾವ ಎಲ್ಲಾ ಸಂಬಂಧಿಕರಲ್ಲ. ಜೋಡಿ ನಡೀತಾವೋ ಇಲ್ಲೋ ನೋಡೂಣು," ಎಂದರು. ಮುಂದಿನ ವರ್ಷಗಳ ಚಿತ್ರ ಬಂದಾಗ ಕುಬ್ಜ ಮುಂದೆ ಸಾಗಿತ್ತು, ಚುಕ್ಕಿ ಇದ್ದಲ್ಲೇ ಇತ್ತು. ಅದು ಎಷ್ಟೋ ಹಿಂದೆ ನಿಂತಿದ್ದ ಸಂಬಂಧವಿಲ್ಲದ ನಕ್ಷತ್ರ. ಆ ಮೇಲೆ ನಮ್ಮ ವಿಭಾಗದಲ್ಲಿ ಬಹಳ ಕಾಲ ಯಾರೂ ಪೇಢೆ ತರಲಿಲ್ಲ.

ಸರ್ ಅವರ ಇನ್ನೊಂದು ಹಟ ನೆತ್ತಿಯದು. ಕುಬ್ಜ ಆಕಾಶದಲ್ಲಿ ತನ್ನ ಅತಿ ಎತ್ತರದ ಜಾಗಕ್ಕೆ, ಅಂದರೆ ನೆತ್ತಿಗೆ, ಬಂದಾಗ ತೆಗೆದ ಚಿತ್ರವನ್ನು ಮಾತ್ರ ಅಳೆಯಬೇಕು. ಆಚೀಚೆ ತೆಗೆದದ್ದನ್ನು ಕಸದಬುಟ್ಟಿಗೆ ಹಾಕಿಸುತ್ತಿದ್ದರು. ಯಾಕೆಂದು ಕೇಳಿದರೆ ಬಾವಿಯ ಮಾತು ಬರುತ್ತಿತ್ತು. "ಬಾವ್ಯಾಗ ಕೋಲು ನೆಟ್ಟಗ ಇಳಿಸಿದ್ರ ನೆಟ್ಟಗ ಕಾಣ್ತೈತಿ. ಓರಿ ಹಿಡದ್ರ ಮುರದಂಗ ಕಾಣ್ತೈತಿ. ನಮ್ಮ ಗಾಳಿನೂ ನೀರಿದ್ದಂಗ. ಅದರಾಗ ಬಿಳಿ ಬೆಳಕು ಜಾಸ್ತಿ ಬಾಗತೈತಿ, ಕೆಂಪು ಕಡಿಮಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಕುಬ್ಜ ಕಡುಗೆಂಪು. ಅದರ ಜಾಗ ಅಳೆಯಲು ಗುರುತಾಗಿ ಇಟ್ಟುಕೊಳ್ಳುವ ಹಿಂದಿನ ನಕ್ಷತ್ರಗಳು ಬಿಳಿ. ಕುಬ್ಜ ಪೂರ್ವದಲ್ಲಿ ಕೆಳಗಿದ್ದಾಗ ಚಿತ್ರ ತೆಗೆದರೆ ಅದು ತನ್ನ ಜಾಗದಿಂದ ಕೂದಲೆಳೆಯಷ್ಟು ಪೂರ್ವಕ್ಕೆ ಸರಿದಂತೆ ಕಾಣುತ್ತದೆ. ಪಶ್ಚಿಮಕ್ಕೆ ಇಳಿದಾಗ ತೆಗೆದರೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಕುಬ್ಜ ಎಲ್ಲಿಗೂ ಸರಿದಿರುವುದಿಲ್ಲ, ನಡುವಿನ ಗಾಳಿ ಹಾಗೆ ತೋರಿಸುತ್ತದೆ ಅಷ್ಟೆ. ಸಂಗಾತಿಯ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಸಣ್ಣದು. ಹಾಗಾಗಿ ಸರ್ ಹಟ ಹಿಡಿದದ್ದು ಸರಿಯೇ ಇತ್ತು, ಆದರೆ ಅವರು ಹೇಳುತ್ತಿದ್ದ ರೀತಿಗೆ ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಅವರ ನೌಕರಿಯ ಕೊನೆಯ ವರ್ಷಗಳಲ್ಲಿ ಬಸವರಾಜ ಬಂದ. ಹೊನವಾಡದವನು, ಮನೆಯಲ್ಲಿ ದ್ರಾಕ್ಷಿ ತೋಟ. ತೋಟವನ್ನು ಅವನ ತಮ್ಮ ನೋಡಿಕೊಳ್ಳುತ್ತಿದ್ದ, ಇವನು ಓದಿದ. ದಿನಾ ಟಿಕೋಟಾ ಮೇಲೆ ಹಾದು ಬರುವ ಬಸ್ಸಿನಲ್ಲಿ ಬರುತ್ತಿದ್ದ, ಬಸ್ಸಿನಲ್ಲಿ ಕೇಳಿದ ಸುದ್ದಿಯನ್ನೆಲ್ಲ ನನಗೆ ಒಪ್ಪಿಸಿದ ಮೇಲೆಯೇ ಕಂಪ್ಯೂಟರ್ ಮುಟ್ಟುತ್ತಿದ್ದ. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ. ನನಗೆ ತಮ್ಮಂದಿರಿಲ್ಲ, ಆ ಕರೆ ನನಗೆ ಹಿತವಾಗಿತ್ತು. ಅವನದು ಹಂಗಾಮಿ ಹುದ್ದೆ, ವರ್ಷ ವರ್ಷ ಮುಂದುವರಿಸುತ್ತಿದ್ದರು. ಪ್ರತಿ ವರ್ಷ ಆ ಹೊತ್ತು ಬಂದಾಗ ಅವನ ಮಾತು ಕಡಿಮೆಯಾಗುತ್ತಿತ್ತು, ಆದೇಶ ಕೈಗೆ ಬಂದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಕುಲಕರ್ಣಿ ಸರ್ ನಿವೃತ್ತರಾದ ಮೇಲೆ ಇನಾಮದಾರ ಸರ್ ಮುಖ್ಯಸ್ಥರಾಗಿ ಬಂದರು. ಇಸ್ತ್ರಿ ಕೆಡದ ಅಂಗಿ, ಮೆಲುಮಾತು, ಯಾವಾಗಲೂ ಯಾವುದೋ ಸಭೆಗೆ ಹೊರಟವರಂತೆ ಇರುತ್ತಿದ್ದರು. ಬಂದವರೇ ನೆತ್ತಿಯ ನಿಯಮವನ್ನು ತೆಗೆದುಹಾಕಿದರು. "ಒಂದು ಕುಬ್ಜ ನೆತ್ತಿಗೆ ಬರೂತನಾ ಕಾಯ್ಕೋತ ಕುಂತ್ರ, ಅಷ್ಟೊತ್ತಿನ್ಯಾಗ ಹತ್ತು ನೋಡಬಹುದಿತ್ತಲ್ಲ," ಎಂದರು. ಗಾಳಿಯ ವಿಷಯ ಎತ್ತಿದೆ. ಅದನ್ನು ಸರಿಪಡಿಸುವ ಪ್ರೋಗ್ರಾಂ ಬಂದಿದೆ ಎಂದರು. ಬಂದಿದ್ದು ನಿಜ, ಆದರೆ ಅದು ಸಾಮಾನ್ಯ ನಕ್ಷತ್ರಗಳ ಬಣ್ಣಕ್ಕೆ ಹೊಲಿದ ಅಂಗಿ, ನಮ್ಮ ಕಡುಗೆಂಪು ಕುಬ್ಜಗಳಿಗೆ ಹೊಂದುತ್ತದೋ ಇಲ್ಲವೋ ಯಾರೂ ನೋಡಿರಲಿಲ್ಲ. ಅಳೆಯುವ ಕೆಲಸವನ್ನೂ ಪ್ರೋಗ್ರಾಮೇ ಮಾಡತೊಡಗಿತು. ಚಿತ್ರ ಬರುತ್ತಿತ್ತು, ಸಂಖ್ಯೆ ಹೊರಬೀಳುತ್ತಿತ್ತು, ನಡುವೆ ಯಾರೂ ಚಿತ್ರವನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಹೊಸ ಪದ್ಧತಿಯನ್ನು ನಾನು ಪೂರ್ತಿ ಬೈಯಲಾರೆ, ನನ್ನ ಬೆನ್ನುನೋವು ಕಡಿಮೆಯಾದದ್ದು ಆಗಲೇ.

ಕೆಲವು ವರ್ಷ ಕಳೆದ ಮೇಲೆ ಬಸವರಾಜನ ಕುಬ್ಜಗಳಲ್ಲಿ ಒಂದು ವಾಲತೊಡಗಿತು. ಮೊದಲು ನಿಧಾನವಾಗಿ ಪಶ್ಚಿಮಕ್ಕೆ, ಆಮೇಲೆ ಪೂರ್ವಕ್ಕೆ, ಮತ್ತೆ ಪಶ್ಚಿಮಕ್ಕೆ. ಗೆರೆ ಎಳೆದರೆ ಚೆಂದವಾದ ಅಲೆ. ಅಂಥ ಅಲೆಯನ್ನು ನಾನು ನನ್ನ ಇಡೀ ಕೆಲಸದಲ್ಲಿ ನೋಡಿರಲಿಲ್ಲ. ಅವನು ನನ್ನ ಮೇಜಿನ ಹತ್ತಿರ ಬಂದ. "ಅಕ್ಕಾರ, ಇದಕ್ಕ ಯಾರೋ ಅದಾರ," ಎಂದ. ಯಾವುದೋ ಇದೆ ಎನ್ನಲಿಲ್ಲ, ಯಾರೋ ಇದ್ದಾರೆ ಎಂದ. ಅವನ ಮುಖ ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇನಾಮದಾರ ಸರ್ ಅವನನ್ನು ಕೋಣೆಗೆ ಕರೆಸಿ ಕುರ್ಚಿಯಲ್ಲಿ ಕೂಡಿಸಿದರು. ಈ ಸಂಗಾತಿಯ ಬಗ್ಗೆ ಪ್ರಬಂಧ ಹೊರಬಂದರೆ ಕಾಯಂ ಹುದ್ದೆ ಅವನದೇ ಎಂದು ನನ್ನ ಎದುರೇ ಹೇಳಿದರು. ಅವನು ಹೊನವಾಡದ ಮನೆಗೆ ಫೋನು ಹಚ್ಚಿ ಹೇಳಿದ. ಮಾರನೆಯ ದಿನ ಬುಟ್ಟಿ ತುಂಬ ದ್ರಾಕ್ಷಿ ಬಂತು, ವಿಭಾಗದವರೆಲ್ಲ ತಿಂದರು. ಅವನ ಮಕ್ಕಳನ್ನು ವಿಜಯಪುರದ ಶಾಲೆಗೆ ಹಾಕಲು ಸ್ಟೇಷನ್ ರಸ್ತೆಯ ಕಡೆ ಮನೆ ನೋಡುವ ಮಾತೂ ಆಯಿತು. ಇನಾಮದಾರ ಸರ್ ಅಷ್ಟರಲ್ಲೇ ಊರಿನ ಪತ್ರಿಕೆಯವರಿಗೂ ಸುದ್ದಿ ಮುಟ್ಟಿಸಿದ್ದರು, "ನಮ್ಮ ಜಿಲ್ಲೆಯ ಯುವಕನ ಸಾಧನೆ" ಎಂದು ಬಂತು.

ಪ್ರಬಂಧ ಕಳಿಸುವ ಮೊದಲು ನಾನೊಮ್ಮೆ ನೋಡಬೇಕೆಂದು ಬಸವರಾಜನೇ ಕೇಳಿದ. ಮಧ್ಯಾಹ್ನದ ರೊಟ್ಟಿ ಮುಗಿಸಿ ಇಬ್ಬರೂ ಕುಳಿತೆವು. ಅಲೆಯ ಪಕ್ಕದಲ್ಲಿ ಪ್ರತಿ ಚಿತ್ರ ಆಕಾಶದ ಯಾವ ಕಡೆ ತೆಗೆದದ್ದು ಎಂದು ಹಾಕಿಸಿದೆ. ಹಳೆಯ ಚಾಳಿ, ಬೇರೇನೂ ಇಲ್ಲ. ಇಬ್ಬರಿಗೂ ಒಟ್ಟಿಗೆ ಕಂಡಿತು. ನಿಯಮ ಸಡಿಲಾದ ಮೇಲೆ ಬೆಟ್ಟದವರು ಮೊದಲಿಗೆ ನಮ್ಮ ಸರದಿಯನ್ನು ಸಂಜೆಗೆ ಹಾಕಿದ್ದರು, ಆಗ ಕುಬ್ಜ ಪಶ್ಚಿಮದಲ್ಲಿರುತ್ತಿತ್ತು. ಮುಂದೆ ತಮ್ಮ ಅನುಕೂಲಕ್ಕೆ ತಕ್ಕಂತೆ ಬರಬರುತ್ತ ಬೆಳಗಿನ ಜಾವಕ್ಕೆ ಸರಿಸಿದ್ದರು, ಆಗ ಅದು ಪೂರ್ವದಲ್ಲಿರುತ್ತಿತ್ತು. ಆಮೇಲೆ ಮತ್ತೆ ಸಂಜೆಗೆ. ಅಲೆ ಆ ಸರದಿಯ ಹಿಂದೆಯೇ ಎದ್ದು ಇಳಿದಿತ್ತು.

ನಾನು ಪರದೆ ಆರಿಸಲು ಕೈ ಚಾಚಿದೆ.

"ನೆತ್ತಿವಷ್ಟ ಇಟ್ಟು ಉಳದದ್ದು ತಗೀರಿ ಅಕ್ಕಾರ," ಎಂದ ಬಸವರಾಜ.

"ನಾಳೆ ಮಾಡೂಣ್ ಬಿಡೋ."

"ನಾಳೆನೂ ಅದ ಇರ್ತೈತಲ್ರಿ. ತಗೀರಿ."

ತೆಗೆದೆ. ಉಳಿದ ಚುಕ್ಕಿಗಳು ನೇರವಾಗಿ ಒಂದೇ ಗೆರೆಯ ಮೇಲೆ ಕುಳಿತವು. ಅಲೆ ಇರಲಿಲ್ಲ. ಅವನು ಪರದೆಯನ್ನೇ ನೋಡುತ್ತಿದ್ದ. "ಗಾಳಿನ್ರಿ," ಎಂದ. ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ.

ಇಬ್ಬರೂ ಇನಾಮದಾರ ಸರ್ ಹತ್ತಿರ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡರು, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನೆತ್ತಿ ಮ್ಯಾಲಿನ ಚಿತ್ರ ಕಡಿಮಿ ಅದಾವ. ಅಷ್ಟರಾಗ ಅಲೆ ಇಲ್ಲ ಅಂತ ಹೆಂಗ ಹೇಳ್ತೀರಿ? ಕಳಿಸೂಣು. ತಪ್ಪಿದ್ರ ಯಾರರ ಹೇಳ್ತಾರ," ಎಂದರು. ಆಮೇಲೆ ಬಸವರಾಜನ ಕಡೆ ತಿರುಗಿ, "ನಿನ್ನ ಸಲುವಾಗಿ ಹೇಳಾಕತ್ತೇನಿ," ಎಂದರು.

ಪ್ರಬಂಧಕ್ಕೆ ಮೊದಲ ಹೆಸರು ಅವನದು. ಅವನು ಹೂಂ ಎಂದಿದ್ದರೆ ಅದು ಹೊರಡುತ್ತಿತ್ತು, ಆ ವರ್ಷವೇ ಅವನು ಕಾಯಂ ಆಗುತ್ತಿದ್ದ. ತಪ್ಪು ಹೊರಬೀಳಲು ಇನ್ನೆಷ್ಟೋ ವರ್ಷ ಹಿಡಿಯುತ್ತಿತ್ತು. ನಮ್ಮ ಕೆಲಸದಲ್ಲಿ ಹಾಗೆ ಕಾಯಂ ಆದವರನ್ನು ನಾನು ಕಂಡಿದ್ದೇನೆ. ಆ ಕೋಣೆಯಲ್ಲಿ ನಿಂತು ನನ್ನ ಮನಸ್ಸಿನೊಳಗೂ ಒಂದು ಕ್ಷಣ ಹೂಂ ಅನ್ನಲಿ ಎಂದೇ ಬಂತು.

"ಬ್ಯಾಡ್ರಿ ಸರ್," ಎಂದ ಬಸವರಾಜ. "ಇಲ್ಲದ್ದನ್ನ ಐತಿ ಅಂತ ಹೇಳಿ ನನಗ ಮನಿ ಕಟ್ಟಲಿಕ್ಕಾಗೂದಿಲ್ಲ."

ಆ ವರ್ಷ ಅವನ ಆದೇಶ ಬರಲಿಲ್ಲ. ಪತ್ರಿಕೆಯಲ್ಲಿ ಬಂದ ಸುದ್ದಿ ಏನಾಯಿತು ಎಂದು ಮೇಲಿನವರು ಕೇಳಿದಾಗ, ಹಂಗಾಮಿ ನೌಕರನ ಅಜಾಗರೂಕತೆ ಎಂದು ಇನಾಮದಾರ ಸರ್ ಬರೆದು ಕೈ ತೊಳೆದುಕೊಂಡರು. ನಾನು ಅದಕ್ಕೆ ಒಪ್ಪುವುದಿಲ್ಲ ಎಂದು ಬರೆದುಕೊಟ್ಟೆ, ಜಗಳವನ್ನೂ ಮಾಡಿದೆ. ನನ್ನದು ಕಾಯಂ ನೌಕರಿ, ನನಗೆ ಏನೂ ಆಗಲಿಲ್ಲ, ಅವನಿಗೂ ಏನೂ ಸಿಗಲಿಲ್ಲ. ಕೊನೆಯ ದಿನ ಬಸ್ ನಿಲ್ದಾಣದವರೆಗೆ ಅವನ ಜೊತೆ ಹೋದೆ. ಟಿಕೋಟಾ ಬಸ್ಸು ತುಂಬಿತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ, "ಗೆರಿ ಭಾಳ ಚಂದಿತ್ತಲ್ರಿ ಅಕ್ಕಾರ," ಎಂದ. ಚೆಂದವಿತ್ತು ಎಂದೆ.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಇನಾಮದಾರ ಸರ್ ಬೇರೆ ಕಡೆ ಹೋದರು. ನಾನು ಅಳೆಯುತ್ತಲೇ ಇದ್ದೆ, "ಇಲ್ಲ" ಎಂದು ಬರೆಯುತ್ತಲೇ ಇದ್ದೆ. ಕುಲಕರ್ಣಿ ಸರ್ ತೀರಿಕೊಂಡರು, ಅವರ ಅಂತ್ಯಕ್ರಿಯೆಗೆ ಹೋದಾಗ ಸಾರವಾಡದಲ್ಲಿ ಅವರ ಕೆಲಸವೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಟ್ಟದ ದೂರದರ್ಶಕಕ್ಕಿಂತ ಆಕಾಶಕ್ಕೆ ಕಳಿಸಿದ ದೂರದರ್ಶಕಗಳ ಚಿತ್ರವೇ ಹೆಚ್ಚು ಬರತೊಡಗಿತು. ಅವು ಗಾಳಿಯ ಮೇಲಿರುತ್ತವೆ, ಬಾವಿಯ ಮಾತು ಅಲ್ಲಿ ನಡೆಯುವುದಿಲ್ಲ. ನಾನು ಕಲಿತಿದ್ದೆಲ್ಲ ಹಳತಾಗುವ ಹೊತ್ತಿಗೆ ಶಾಲು ಬಂತು.

ಚಹಾ ಕುಡಿಯಲು ಬಂದಿದ್ದ ಶಬಾನಾ ಅದೇ ದಿನ ಇನ್ನೊಂದು ವಿಷಯವನ್ನೂ ತಂದಿದ್ದಳು. ವಿದೇಶದ ಒಂದು ಗುಂಪು ಆಕಾಶದ ದೂರದರ್ಶಕದಿಂದ ಒಂದು ಕುಬ್ಜದ ಪಕ್ಕದಲ್ಲಿ ಸಂಗಾತಿಯನ್ನು ನೇರವಾಗಿ ಹಿಡಿದಿತ್ತು. ಬೇರೆ ಬೇರೆ ವರ್ಷಗಳ ಚಿತ್ರ ಹೋಲಿಸಿ, ಎರಡೂ ಜೋಡಿಯಾಗಿ ನಡೆಯುತ್ತಿವೆ ಎಂದು ಖಾತ್ರಿ ಮಾಡಿಕೊಂಡಿತ್ತು. ಕುಬ್ಜದ ಹೆಸರಿನ ಅಂಕಿಯನ್ನು ಎರಡು ಸಲ ಓದಿದೆ. ಅದು ಬಸವರಾಜನ ಕುಬ್ಜ. ಆದರೆ ಆ ಸಂಗಾತಿ ಬಹಳ ದೂರದಲ್ಲಿತ್ತು, ಒಂದು ಸುತ್ತಿಗೆ ಒಬ್ಬ ಮನುಷ್ಯನ ಆಯುಷ್ಯವೇ ಬೇಕು. ನಮ್ಮ ಅಳತೆಯ ವರ್ಷಗಳಲ್ಲಿ ಅದರ ಎಳೆತ ಕಾಣುವ ಮಾತೇ ಇರಲಿಲ್ಲ.

ಆ ವಾರವೇ ಹೊನವಾಡಕ್ಕೆ ಬಸ್ಸು ಹಿಡಿದೆ. ಬಸವರಾಜ ಮಣೂಕದ ಶೆಡ್ಡಿನಲ್ಲಿದ್ದ, ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಬಲೆಗಳ ಮೇಲೆ ಹರವಿ ಒಣಗಿಸುವ ಜಾಗ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ನಕ್ಕ. "ಬರ್ರಿ ಅಕ್ಕಾರ. ಈಗ ನಮ್ಮದು ದಿನಾ ಬಣ್ಣ ನೋಡಿ ಆರಸೂದ ಕೆಲಸ ನೋಡ್ರಿ. ಹಸಿರು ಒಂದು ಕಡಿ, ಕಂದು ಒಂದು ಕಡಿ." ಅವನ ಎರಡೂ ಕೈ ಅಂಟಾಗಿದ್ದವು. ನಾನೇ ಫೋನು ಹಿಡಿದು ಚಿತ್ರ ತೋರಿಸಿದೆ, ಯಾವ ಕುಬ್ಜ ಎಂದು ಹೇಳಿದೆ. ಅವನು ಬಗ್ಗಿ ನೋಡಿದ.

"ನೀ ಹೇಳಿದ್ದು ಸುಳ್ಳಾಗಲಿಲ್ಲ ನೋಡಪಾ," ಎಂದೆ. ದಾರಿಯುದ್ದಕ್ಕೂ ಆ ಮಾತನ್ನೇ ಸಿದ್ಧಮಾಡಿಕೊಂಡು ಬಂದಿದ್ದೆ.

"ಎಷ್ಟು ವರ್ಷಕ್ಕ ಒಂದು ಸುತ್ತು ಹೊಡೀತೈತ್ರಿ ಇದು?"

ಹೇಳಿದೆ.

"ಹಂಗಾರ ಸುಳ್ಳ ಆಗಿತ್ತಲ್ರಿ," ಎಂದ. "ನಾ ಹೇಳಿದ್ದು ಬ್ಯಾರೆ. ಅದು ಇರಲೇ ಇಲ್ಲ. ಇದು ಅವರದು." ಮತ್ತೆ ಗೊಂಚಲು ಹರವತೊಡಗಿದ. ನಾನು ಸಮಾಧಾನ ಹೇಳಲು ಹೋಗಿದ್ದೆ. ಮಕ್ಕಳ ಬಗ್ಗೆ ಕೇಳಿದೆ, ಮಜ್ಜಿಗೆ ಕುಡಿದೆ, ಹೊರಟೆ. ಮನಸ್ಸು ಭಾರವಾಗಿತ್ತು, ಬರಬಾರದಿತ್ತು ಅನಿಸಿತು.

ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅವನು ಹಿಂದಿನಿಂದ ಬಂದ. ಕೈ ತೊಳೆದು, ಅಂಗಿ ಬದಲಿಸಿದ್ದ. ಅಷ್ಟರಲ್ಲಿ ವಿಜಯಪುರದ ಬಸ್ಸು ಬಂತು. "ಇನ್ನೊಮ್ಮೆ ಕೊಡ್ರಿ ಇಲ್ಲಿ," ಎಂದು ಕೈಯೊಡ್ಡಿದ. ಬಸ್ಸನ್ನು ಹೋಗಲು ಬಿಟ್ಟೆ.

ಟವೆಲ್ಲಿನಿಂದ ಬೆರಳುಗಳನ್ನು ಮತ್ತೊಮ್ಮೆ ಒರೆಸಿಕೊಂಡು ಫೋನು ತೆಗೆದುಕೊಂಡ. ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು ಚಿತ್ರವನ್ನು ದೊಡ್ಡದು ಮಾಡಿ ನೋಡಿದ, ಸಣ್ಣದು ಮಾಡಿ ನೋಡಿದ, ಹಿಂದಿನ ನಕ್ಷತ್ರಗಳನ್ನು ಒಂದೊಂದಾಗಿ ಬೆರಳಲ್ಲಿ ಗುರುತಿಸಿದ. ಎಲ್ಲವೂ ಅವನಿಗೆ ನೆನಪಿದ್ದವು.

"ನೆತ್ತಿಗೆ ಬಂದಾಗ ತಗದದ್ದೇನ್ರಿ ಇವು?" ಎಂದು ಕೇಳಿದ.

"ಅಲ್ಲಿ ನೆತ್ತಿ ಅನ್ನೂದ ಇಲ್ಲ ಬಸವರಾಜ. ಗಾಳಿನ ಇಲ್ಲಲ್ಲ."

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿ ಫೋನನ್ನು ನನ್ನ ಕೈಗೆ ಕೊಟ್ಟ.

"ಅವರು ಪುಣ್ಯಾ ಮಾಡ್ಯಾರ ಬಿಡ್ರಿ," ಎಂದ.